ಪೇಪರ್ ಅಂಟಿಸಿದ ಬಾಗಿಲು

ಬಿಡದಿ
೯-೮-೨೦೦೪, ಸೋಮವಾರ

ಅಪ್ಪ,

ತೀರ್ಥರೂಪು ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ಇಲ್ಲಿ ನಾನು ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ಕೇಳುವ ಮನಸ್ಸೂ ಇವತ್ತಿಲ್ಲ. ಚಿಕ್ಕಹನುಮಯ್ಯನ ಅಂಗಡಿಗೆ ಫೋನ್ ಮಾಡಿ ನಿಮ್ಮನ್ನು ಕರೆಸಬಹುದಿತ್ತು. ನಾನು ಆಡುವ ಮಾತು ಅಲ್ಲಿ ಬೀಡಿ ಸೇದುತ್ತ ಕೂತವರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನೆ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ರೇಷ್ಮೆಹುಳಕ್ಕೆ ತೋಟದ ಸೊಪ್ಪು ಕುಯ್ಯುವ ಕಾವೇರಮ್ಮ ಸಿಕ್ಕಿದ್ದಳು. ಮಾತಿಗೆ ಮಾತು ಬಂದು, ನಮ್ಮ ಬೆಕ್ಕು ಸತ್ತದ್ದು ನನಗೆ ಗೊತ್ತೇ ಇದೆ ಎಂದುಕೊಂಡು, "ಆ ಕೆಂಚಿನ ನಾನೇ ಕಣವ್ವ ಎತ್ತಾಕಿದ್ದು, ಹುಳುಮನೆ ಅಟ್ಟದ ಮ್ಯಾಲೆ ಮುದುರ್ಕೊಂಡಿತ್ತು" ಅಂದಳು. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಅವಳು ಬಾಯಿಗೆ ಸೆರಗು ಇಟ್ಟುಕೊಂಡು, ಸಾರ್ ಹೇಳಬೇಡ ಅಂದಿದ್ದರು, ನನ್ನ ಹೆಸರು ಎತ್ತಬೇಡ ಅಂತ ಕೈ ಮುಗಿದಳು. ಎತ್ತಿದ್ದೇನೆ. ಅವಳನ್ನು ನೀವು ಒಂದು ಮಾತೂ ಅನ್ನಕೂಡದು.

ಬೆಕ್ಕಿಗೆ ವಯಸ್ಸಾದರೆ ತಾನಾಗಿ ಮನೆ ಬಿಟ್ಟು ಹೋಗುತ್ತೆ, ಅದರ ಜಾತಿಯೇ ಹಾಗೆ ಎಂದು ಫೋನಿನಲ್ಲಿ ಹೇಳಿದಿರಲ್ಲ, ಆ ಮಾತು ಎಲ್ಲಿಂದ ತಂದಿರಿ? ಎರಡು ಭಾನುವಾರ ನಾನು ಊರಿಗೆ ಬಂದು ಹುಡುಕಿದೆ. ಹಿಪ್ಪುನೇರಳೆ ಸಾಲು ಸಾಲಿನಲ್ಲಿ ಬಗ್ಗಿ ನೋಡಿದೆ. ಮಂಡಿ ತರಚಿಕೊಂಡು ಹಾಳು ಬಾವಿಗೆ ಇಣುಕಿದೆ. ಮನೆಮನೆಗೆ ಹೋಗಿ ಕೇಳಿ, "ಏನವ್ವ, ಒಂದ್ ಬೆಕ್ಗೆ ಇಷ್ಟ್ ಅಲ್ದಾಡ್ತೀಯಲ್ಲ" ಎಂದು ಅನ್ನಿಸಿಕೊಂಡೆ. ನೀವು ಜಗಲಿಯ ಮೇಲೆ ಪೇಪರ್ ಓದುತ್ತಿದ್ದಿರಿ. ನಾನು ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಬಂದಾಗ ಎದ್ದು ಹೋಗಿ ಒಂದು ಲೋಟ ಬಿಸಿನೀರು ಕಾಯಿಸಿ ತಂದುಕೊಟ್ಟಿರಿ. ಆ ನೀರನ್ನು ನಾನು ಕುಡಿದೆ.

ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಅಲ್ಲಿಯ ತನಕ ಆ ಮನೆಗೆ ನಾನು ಕಾಲಿಡುವುದಿಲ್ಲ.

ನಿಮ್ಮ ಮಗಳು,
ನಯನಾ


ಹುಣಸೇದೊಡ್ಡಿ
೧೭-೮-೨೦೦೪

ಚಿ. ನಯನಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಕೈಸೇರಿತು. ದೊಡ್ಡವರಿಗೆ ಬರೆಯುವ ರೀತಿ ಅದಲ್ಲ ಎಂಬುದು ನಿನಗೆ ತಿಳಿಯದ್ದೇನಲ್ಲ. ಇರಲಿ.

ಸಂಗತಿ ಇಷ್ಟು. ಜುಲೈ ೧೭ರ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹುಳುಮನೆಗೆ ಔಷಧಿ ಹೊಡೆಯಲಾಯಿತು. ಹಿಂದಿನ ಬೆಳೆ ಪೂರ್ತಿ ಸಪ್ಪೆ ರೋಗಕ್ಕೆ ಹೋಗಿ, ಸತ್ತ ಹುಳವನ್ನು ಮಂಕರಿಗಟ್ಟಲೆ ಗುಂಡಿಗೆ ಸುರಿದದ್ದನ್ನು ನೀನೂ ಕಂಡಿದ್ದೀಯ. ಆದ್ದರಿಂದ ಈ ಸಲ ಫಾರ್ಮಲಿನ್ ಹೊಡೆದು, ಬಾಗಿಲು ಕಿಟಕಿಗಳ ಸಂದಿಗೆಲ್ಲ ಪೇಪರ್ ಅಂಟಿಸಿ, ಗಾಳಿಯಾಡದಂತೆ ಇಪ್ಪತ್ನಾಲ್ಕು ಗಂಟೆ ಮುಚ್ಚಲಾಯಿತು. ಅಟ್ಟದ ಮೇಲೆ ಬಿದಿರಿನ ಚಂದ್ರಿಕೆ ತಟ್ಟಿಗಳನ್ನು ಪೇರಿಸಿಟ್ಟಿದ್ದರಿಂದ ಬೆಕ್ಕು ಅಲ್ಲಿ ಮಲಗಿದ್ದು ಕಣ್ಣಿಗೆ ಬೀಳಲಿಲ್ಲ. ಮರುದಿನ ಬಾಗಿಲು ತೆಗೆದಾಗ ಅದರ ಜೀವ ಹೋಗಿತ್ತು. ಇದು ಆಕಸ್ಮಿಕ. ನೀನು ಸಂಕಟಪಡುತ್ತೀಯೆಂದು ಬೇರೆ ರೀತಿ ಹೇಳಿದೆ. ಅದರಲ್ಲಿ ದುರುದ್ದೇಶವೇನಿಲ್ಲ.

ಹನ್ನೊಂದು ವರ್ಷ ಬದುಕಿದ ಬೆಕ್ಕು. ಇನ್ನೆಷ್ಟು ದಿನ ಇರುತ್ತಿತ್ತು? ಕಾವೇರಮ್ಮನ ಮನೆಯಲ್ಲಿ ಬೆಕ್ಕು ಮರಿ ಹಾಕಿದೆಯಂತೆ, ಒಂದಕ್ಕೆ ಹೇಳಿದ್ದೇನೆ. ಅದೂ ಕೆಂಚು ಬಣ್ಣದ್ದೇ.

ಹುಳ ಹಣ್ಣಾಗಿವೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ಕೈ ಸಾಲದು. ಸಿಟ್ಟು ಬಿಟ್ಟು ಭಾನುವಾರ ಹೊರಟು ಬಾ.

ಇಂತಿ ನಿನ್ನ ತಂದೆ,
ಮುನಿಶಾಮಯ್ಯ


ಬಿಡದಿ
೨೪-೮-೨೦೦೪

ಅಪ್ಪ,

ಇಲಾಖೆಗೆ ವರದಿ ಬರೆದ ಹಾಗೆ ಬರೆದಿದ್ದೀರಿ. ಔಷಧಿ ಹೊಡೆಯಲಾಯಿತು, ಮುಚ್ಚಲಾಯಿತು. ಯಾರು ಹೊಡೆದರು? ಯಾರು ಮುಚ್ಚಿದರು? ಆ ಕೈಗಳಿಗೆ ಹೆಸರಿಲ್ಲವೇ?

ಇನ್ನೊಂದು ಮರಿ ಅಂತೀರಿ. ಅಮ್ಮ ಹೋದ ಮೂರು ತಿಂಗಳಿಗೆ ಯಾರೋ ನೆಂಟರು ಬಂದು, ಇನ್ನೊಂದು ಮದುವೆ ಮಾಡ್ಕೊಳಿ, ಮಗಳಿಗೂ ದಿಕ್ಕಾಗುತ್ತೆ ಅಂದಾಗ ಎಲೆ ಮುಂದೆ ಕೂತಿದ್ದವರನ್ನು ಎಬ್ಬಿಸಿ ಕಳಿಸಿದವರು ನೀವು. ಅವತ್ತು ನಿಮಗೆ ಆದದ್ದು ಇವತ್ತು ನನಗೆ ಆಗಿದೆ. ಆ ಮರಿಯನ್ನು ಮನೆಗೆ ತಂದರೆ ನಾನು ಸತ್ತರೂ ಆ ಮನೆಗೆ ಬರುವುದಿಲ್ಲ.

ಇಲ್ಲಿನ ಕಥೆ ಕೇಳಿ. ಹೋದ ವಾರ ಫ್ಯಾಕ್ಟರಿಯ ಲೈನಿನಲ್ಲಿ ಪೀಸ್ ಚೆಕ್ ಮಾಡುತ್ತಿದ್ದಾಗ ಕಣ್ಣೀರು ಬಂದುಬಿಟ್ಟಿತು. ಸೂಪರ್‌ವೈಸರ್ ಬಂದು, ಯಾರಮ್ಮ ಹೋಗಿದ್ದು ಅಂದ. ಹೇಳಿದೆ. ಬೆಕ್ಕಾ ಎಂದು ಅವನು ನಕ್ಕ. ಲೈನಿಗೆ ಲೈನೇ ನಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನಲ್ಲಿ ನನ್ನ ಹೆಸರು ಬೆಕ್ಕು ಮೇಡಂ ಆಗಿತ್ತು. ನನ್ನ ರೂಮಿನಲ್ಲಿರುವ ಹಾಜಿರಾ ಒಬ್ಬಳೇ ನಗಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಎದ್ದು ಬಂದು, "ನಗೋರ್ ಮನೇಲಿ ಯಾರೂ ಸಾಯಲ್ವೇನ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ಆಮೇಲೆ ಸುಮ್ಮನೆ ಪಕ್ಕದಲ್ಲಿ ಕೂತು ಊಟ ಮಾಡಿದಳು. ಅಷ್ಟು ನಿಮ್ಮಿಂದ ಆಗಲಿಲ್ಲ.

ನಾವಿಬ್ಬರೂ ನೆಟ್ಟಗೆ ಮಾತಾಡಿ ಎಷ್ಟು ವರ್ಷ ಆಯಿತು, ಹೇಳಿ? ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಆಡಿದ ಮಾತೆಲ್ಲ ಕೆಂಚಿಯ ಜೊತೆಗೇ. "ಕೆಂಚಿ, ನಿಮ್ಮಕ್ಕಂಗೆ ಹೇಳು, ಗಡಿಗೇಲಿ ಮೊಸರೈತೆ" ಎಂದು ನೀವು ಅವಳ ಕಡೆ ನೋಡಿ ಅನ್ನುತ್ತಿದ್ದಿರಿ. "ಕೆಂಚಿ, ಅಪ್ಪಂಗೆ ಹೇಳು, ನಾನು ಪಾಸಾದೆ ಅಂತ" ಎಂದು ನಾನೂ ಅವಳಿಗೇ ಹೇಳಿದೆ. ಕೆಲಸ ಸಿಕ್ಕಿ ಬಿಡದಿಗೆ ಹೊರಟ ದಿನ ನೀವು ನನ್ನ ಮುಖ ನೋಡಲಿಲ್ಲ. ಅವಳ ಬೆನ್ನು ಸವರುತ್ತ, "ಹೋಗ್ಲಿ ಬುಡು, ವಾರಕ್ಕೊಂದ್ ದಪ ಬತ್ತಾಳೆ" ಅಂದಿರಿ. ಅಂಥವಳನ್ನು ಆಕಸ್ಮಿಕ ಎಂದು ಒಂದು ಪದದಲ್ಲಿ ಮುಗಿಸಿದಿರಿ.

ಬಾಗಿಲಿಗೆ ಪೇಪರ್ ಅಂಟಿಸುವ ಮೊದಲು ಕೆಂಚಿ ಎಲ್ಲಿದ್ದಾಳೆ ಅಂತ ನೋಡಿ, ಎತ್ತಿ ಹೊರಗೆ ಬಿಡುವುದು ಯಾವಾಗಲೂ ನನ್ನ ಕೆಲಸ. ಆ ದಿನ ಅದನ್ನು ಯಾರು ಮಾಡಿದರು? ಯಾರಾದರೂ ಒಂದು ಸಲ ಅವಳ ಹೆಸರು ಹಿಡಿದು ಕರೆದರಾ?

ಇನ್ನೊಂದು ಕೇಳಬೇಕು. ಇದನ್ನು ಕೇಳಲೇಬಾರದು ಎಂದು ಮೂರು ದಿನ ಪೆನ್ನು ಕೆಳಗಿಟ್ಟಿದ್ದೆ. ಅವಳು ಕೂಗಿದಳಾ ಅಪ್ಪ?

ನಯನಾ


ಹುಣಸೇದೊಡ್ಡಿ
೩-೯-೨೦೦೪

ನಯನಾಳಿಗೆ,

ಪೊಲೀಸರು ಕಳ್ಳನನ್ನು ಕೇಳುವ ಹಾಗೆ ಹೆತ್ತ ತಂದೆಯನ್ನು ಕೇಳುತ್ತಿದ್ದೀಯ. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ಊರೂರು ತಿರುಗಿ ಹುಳ ಸಾಕುವುದನ್ನು ಹೇಳಿಕೊಟ್ಟವನು ನಾನು. ಒಬ್ಬ ಆಫೀಸರ್ ಕೂಡ ನನ್ನನ್ನು ಈ ಧಾಟಿಯಲ್ಲಿ ಕೇಳಿರಲಿಲ್ಲ.

ಪ್ರಶ್ನೆ ಕೇಳುವುದು ನನಗೂ ಬರುತ್ತದೆ. ಬೆಕ್ಕನ್ನು ಹುಡುಕಿ ಹೊರಗೆ ಬಿಡುವುದು ನಿನ್ನ ಕೆಲಸ ಎಂದು ನೀನೇ ಬರೆದಿದ್ದೀಯ. ಹಾಗಾದರೆ ಅವತ್ತು ಎಲ್ಲಿದ್ದೆ? ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಔಷಧಿ ಹೊಡೆಯುವುದಕ್ಕೆ ಕೈಜೋಡಿಸುತ್ತೇನೆ ಎಂದು ಚಿಕ್ಕಹನುಮಯ್ಯನ ಅಂಗಡಿಗೆ ಫೋನ್ ಮಾಡಿ ಹೇಳಿದವಳು ನೀನು. ಹತ್ತೂವರೆಯ ತನಕ ಕಾದೆ. ಹತ್ತೂಮುಕ್ಕಾಲಿಗೆ ಅಂಗಡಿಯಿಂದ ಕೂಗಿದರು, ನಿಮ್ಮ ಮಗಳಿಗೆ ಓವರ್‌ಟೈಮ್ ಅಂತೆ, ಬರೋದಿಲ್ಲವಂತೆ ಎಂದು. ಕಾರಿನ ಕಂಪನಿಗೆ ಮಾಲು ಹೋಗಬೇಕಿತ್ತು. ಅದು ನಿನಗೆ ದೊಡ್ಡದಾಗಿತ್ತು.

ಅಟ್ಟದ ಮೇಲೆ ನಿಮ್ಮಮ್ಮನ ಹಳೇ ಸೀರೆ ಹಾಸಿ ಅದಕ್ಕೆ ಅಲ್ಲೇ ಮಲಗುವ ಚಾಳಿ ಕಲಿಸಿದವಳೂ ನೀನೇ. ನೀನು ಅವತ್ತು ಬಂದಿದ್ದರೆ ಅದು ಬದುಕಿರುತ್ತಿತ್ತು.

ಬೆಕ್ಕಿನ ವಿಷಯ ಇಲ್ಲಿಗೆ ಮುಗಿಯಿತು. ಇನ್ನು ಇದರ ಬಗ್ಗೆ ಬರೆಯಬೇಡ. ಕಾವೇರಮ್ಮನ ಮರಿ ಬೇಡವೆಂದು ಹೇಳಿ ಕಳಿಸಿದ್ದೇನೆ.

ಮುನಿಶಾಮಯ್ಯ


ಬಿಡದಿ
೮-೯-೨೦೦೪

ಅಪ್ಪ,

ಹೌದು. ನಾನು ಬರಲಿಲ್ಲ. ನೀವು ಹೇಳುವ ಮೊದಲೇ ಅದನ್ನು ದಿನಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ನಿಮ್ಮ ಅಕ್ಷರದಲ್ಲೂ ಇದೆ.

ಆದರೆ ಒಂದಕ್ಕೆ ಉತ್ತರ ಇಲ್ಲ. ಅವಳು ಕೂಗಿದಳಾ ಎಂದು ಕೇಳಿದ್ದೆ. ಅದೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಬರೆದಿದ್ದೀರಿ. ಹೇಳುವುದಿದ್ದರೆ ಅದನ್ನು ಹೇಳಿ. ಇಲ್ಲವಾದರೆ ನನಗೆ ಕಾಗದ ಹಾಕಬೇಡಿ, ನಾನೂ ಹಾಕುವುದಿಲ್ಲ.

ನಯನಾ


ಹುಣಸೇದೊಡ್ಡಿ
೧೫-೧೦-೨೦೦೪

ಚಿ. ನಯನಾಳಿಗೆ,

ತಿಂಗಳ ಮೇಲಾಯಿತು. ಪೋಸ್ಟಿನವನನ್ನು ಕೇಳಿ ಕೇಳಿ ಅವನೇ ಈಗ ದೂರದಿಂದ ಇಲ್ಲ ಎಂದು ತಲೆ ಆಡಿಸಿಕೊಂಡು ಹೋಗುತ್ತಾನೆ.

ಬೆಳೆ ಚೆನ್ನಾಗಿ ಬಂತು. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಗೂಡು ಒಂದೊಂದೂ ಗಟ್ಟಿಯಾಗಿ, ಕೈಯಲ್ಲಿ ಹಿಡಿದರೆ ಕಲ್ಲು ಹಿಡಿದಂತಿತ್ತು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರ್‌ಗಳು ಕೈಯಾಡಿಸಿ ನೋಡಿ, ಯಾವೂರು ಯಾವೂರು ಎಂದು ಕೇಳಿದರು. ಮೂರು ಊರಿನವರು ಮನೆಗೆ ಬಂದು ಹೇಗೆ ಮಾಡಿದಿರಿ ಸಾರ್ ಎಂದು ಕೂತರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಹೋಗ್ರಯ್ಯ ಎಂದುಬಿಟ್ಟೆ. ಅವರು ಮುಖ ಮುಖ ನೋಡಿಕೊಂಡು ಹೋದರು.

ಮೊನ್ನೆ ಮಾಲಯದ ಅಮಾವಾಸ್ಯೆ. ನಿಮ್ಮಮ್ಮನಿಗೆ ಎಡೆ ಹಾಕಿದೆ. ನೀನಿಲ್ಲದೆ ನಾನೇ ಅಡುಗೆ ಮಾಡಿದೆ. ಸೀರೆ ಇಟ್ಟು, ಎಲೆ ಬಡಿಸಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರಬೇಕಲ್ಲ, ಅದು ನನ್ನಿಂದ ಆಗಲಿಲ್ಲ. ಕದಕ್ಕೆ ಕೈ ಹಾಕಿದೆ, ಎಳೆದೆ, ಮತ್ತೆ ತೆಗೆದೆ. ಮೂರು ಸಲ ಹೀಗೇ ಆಯಿತು. ಕೊನೆಗೆ ಬಾಗಿಲು ತೆರೆದೇ ಬಿಟ್ಟೆ. ನಿಮ್ಮಮ್ಮ ಬಂದಳೋ ಇಲ್ಲವೋ ತಿಳಿಯದು.

ಇದನ್ನು ಏಕೆ ಬರೆದೆನೋ ಗೊತ್ತಿಲ್ಲ. ಉತ್ತರ ಹಾಕು.

ನಿನ್ನ ತಂದೆ,
ಮುನಿಶಾಮಯ್ಯ


ಹುಣಸೇದೊಡ್ಡಿ
೧೪-೧೧-೨೦೦೪

ನಯನಾ,

ನೀನು ಉತ್ತರ ಹಾಕಲಿಲ್ಲ. ಹಾಕುವುದಿಲ್ಲವೆಂದು ಮೊದಲೇ ಹೇಳಿದ್ದೆ, ಸರಿ. ನೀನು ಕೇಳಿದ್ದಕ್ಕೆ ಇವತ್ತು ಉತ್ತರ ಬರೆಯುತ್ತೇನೆ.

ಕೂಗಿದಳು.

ಅವತ್ತು ಬಾಗಿಲಲ್ಲಿ ನಾನೊಬ್ಬನೇ ಇರಲಿಲ್ಲ. ನಮ್ಮೂರಿನಿಂದ, ಸುತ್ತಿನ ಊರುಗಳಿಂದ ಹನ್ನೆರಡು ಜನ ರೈತರು ಬಂದಿದ್ದರು. ಬೆಳೆ ಮೇಲೆ ಬೆಳೆ ಹೋಗುತ್ತಿದೆ, ಔಷಧಿ ಹೊಡೆಯುವ ಕ್ರಮ ಕಣ್ಣಾರೆ ತೋರಿಸಿ ಸಾರ್ ಎಂದು ಅವರೇ ಕೇಳಿಕೊಂಡಿದ್ದರು. ರಿಟೈರಾದವನನ್ನು ಹುಡುಕಿಕೊಂಡು ಬಂದರಲ್ಲ ಎಂದು ನಾನು ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದೆ. ನೀನು ಬರುವುದಿಲ್ಲವೆಂದು ಅಂಗಡಿಯಿಂದ ಕೂಗಿದಾಗ ಬೆಕ್ಕಿನ ನೆನಪು ಬಂತು. ಆಮೇಲೆ ನೋಡೋಣವೆಂದುಕೊಂಡೆ. ಮಾತಿನಲ್ಲಿ ಮರೆತೆ.

ಚಿಕ್ಕಹನುಮಯ್ಯ ಹೋದ ವರ್ಷ ತನ್ನ ಹುಳುಮನೆಗೆ ಪೇಪರ್ ಅಂಟಿಸಿದ ಮೇಲೆ, ಕನ್ನಡಕ ಒಳಗೆ ಬಿಟ್ಟೆನೆಂದು ಪೇಪರ್ ಕಿತ್ತು ಬಾಗಿಲು ತೆಗೆದಿದ್ದ. ಅವನ ಬೆಳೆ ಹೋಯಿತು. ಅದನ್ನು ನಾನು ಎಲ್ಲ ಕಡೆ ಹೇಳಿ ನಗುತ್ತಿದ್ದೆ. ಅವತ್ತೂ ಅವನನ್ನು ಮುಂದೆ ನಿಲ್ಲಿಸಿಕೊಂಡೇ ಹೇಳಿದೆ, ಪ್ರಾಣ ಹೋದರೂ ಇಪ್ಪತ್ನಾಲ್ಕು ಗಂಟೆ ಈ ಬಾಗಿಲು ತೆಗೆಯಕೂಡದು ಎಂದು. ಅವನು ತಲೆ ತಗ್ಗಿಸಿಕೊಂಡು ಮೈದಾ ಗೋಂದಿನ ಬಟ್ಟಲು ಹಿಡಿದಿದ್ದ. ಕೊನೆಯ ಪೇಪರನ್ನು ಚಿಲಕದ ಹತ್ತಿರ ನಾನೇ ಅಂಟಿಸಿದೆ. ಅಂಗೈಯಿಂದ ಒತ್ತುತ್ತಿದ್ದಾಗ ಅವಳು ಒಳಗಿನಿಂದ ಕೂಗಿದಳು.

ಮೊದಲು ಒಂದು ಸಲ. ಆಮೇಲೆ ಬಾಗಿಲ ಹತ್ತಿರವೇ ಬಂದು ಮೂರು ನಾಲ್ಕು ಸಲ. ಕದ ಪರಚಿದಳು. ನನ್ನ ಅಂಗೈಗೆ ಅದು ತಾಗಿತು, ನಯನಾ. ಒಂದು ಹಾಳೆ ಪೇಪರ್ ಹರಿದಿದ್ದರೆ ಸಾಕಾಗಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಹೆಂಚಿನ ಕಡೆ ಕೈ ತೋರಿಸಿ, ಬೆಕ್ಕು ಹೊರಗೆ ಸೂರಿನ ಮೇಲಿದೆ, ಬನ್ನಿ ಕಾಫಿ ಕುಡಿಯೋಣ ಎಂದೆ.

ಅವರು ಹೋದ ಮೇಲೆ ಬಂದು ಬಾಗಿಲಿಗೆ ಕಿವಿ ಕೊಟ್ಟೆ. ಸದ್ದಿರಲಿಲ್ಲ. ಆಗಲೂ ತೆಗೆಯಬಹುದಿತ್ತು. ತೆಗೆಯಲಿಲ್ಲ. ಹೇಗೂ ಮುಗಿದಿದೆ, ಬೆಳೆಯಾದರೂ ಉಳಿಯಲಿ ಎಂಬ ಯೋಚನೆ ಬಂತು. ಅಂಥ ಯೋಚನೆ ನನಗೆ ಬಂತು.

ಕಾವೇರಮ್ಮ ಅವಳನ್ನು ತಿಪ್ಪೆಗೆ ಹಾಕಿದ್ದಳು. ನಾನು ಮಧ್ಯಾಹ್ನ ತೆಗೆದುಕೊಂಡು ಹೋಗಿ, ನಿಮ್ಮಮ್ಮನ ಆ ಸೀರೆಯಲ್ಲಿಯೇ ಸುತ್ತಿ, ತೋಟದ ಮೇಲಿನ ಬದುವಿನಲ್ಲಿ ಗುಂಡಿ ತೋಡಿ ಇಟ್ಟೆ. ನೀನು ಹುಡುಕಲು ಬಂದ ದಿನ ಅದೇ ಬದುವಿನ ಮೇಲೆ ನಿಂತು ಅವಳ ಹೆಸರು ಕೂಗಿದೆ. ಜಗಲಿಯಿಂದ ಕಾಣುತ್ತಿತ್ತು. ನಾನು ಓದುತ್ತಿದ್ದ ಪೇಪರಿನಲ್ಲಿ ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

ಏಕೆ ತೆಗೆಯಲಿಲ್ಲವೆಂದು ಕೇಳುತ್ತೀಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಜನರ ಮನೆಗಳಿಗೆ ಹುಳ ನೋಡಲು ಹೋದರೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಹುಳದ ತಟ್ಟೆಯನ್ನು ಕಿಟಕಿಯ ಹತ್ತಿರ ತಂದು ತೋರಿಸುತ್ತಿದ್ದರು. ಬಿಸಿಲಿನಲ್ಲಿ ನಿಂತು, ಸರಳಿನ ಆಚೆಯಿಂದ ರೋಗ ಹೇಳುತ್ತಿದ್ದೆ. ಚಿಕ್ಕಹನುಮಯ್ಯನ ಅಪ್ಪನೂ ಹಾಗೆಯೇ ತೋರಿಸುತ್ತಿದ್ದವನು. ಅವರ ಮಕ್ಕಳು ಇವತ್ತು ನನ್ನ ಬಾಗಿಲಿಗೆ ಬಂದು ಸಾರ್ ಹೇಳಿಕೊಡಿ ಎಂದು ನಿಂತಿದ್ದರು. ಅವರೆದುರಿಗೆ ನನ್ನ ಮಾತನ್ನು ನಾನೇ ಮುರಿಯಬೇಕಾಗಿತ್ತು, ಅದೂ ಒಂದು ಬೆಕ್ಕಿಗಾಗಿ. ಆಗಲಿಲ್ಲ.

ನೀನು ಬಂದಿದ್ದರೆ ಬದುಕಿರುತ್ತಿತ್ತು ಎಂದು ಬರೆದೆನಲ್ಲ, ಅದು ಸುಳ್ಳು. ನಾನು ಕೈ ಎತ್ತಿದ್ದರೆ ಸಾಕಿತ್ತು. ನಿನ್ನ ತಲೆಯ ಮೇಲೆ ಹೊರಿಸಲು ನೋಡಿದೆ. ಆ ಕಾಗದ ಹರಿದುಹಾಕು.

ಮುನಿಶಾಮಯ್ಯ


ಬಿಡದಿ
೨೨-೧೧-೨೦೦೪

ಅಪ್ಪ,

ಮೊದಲು ಓದಿದಾಗ ಕೂಗಿದಳು ಎಂಬಲ್ಲಿಗೇ ನಿಲ್ಲಿಸಿ ಮಡಚಿಟ್ಟೆ. ಮುಂದಕ್ಕೆ ಓದಲು ಮೂರು ದಿನ ಬೇಕಾಯಿತು. ಹಾಜಿರಾ ಪಕ್ಕದಲ್ಲಿ ಕೂತಿದ್ದಳು. ಕದ ಪರಚಿದಳು ಎಂಬಲ್ಲಿ ನಾನು ಅವಳ ಕೈ ಎಷ್ಟು ಜೋರಾಗಿ ಹಿಡಿದೆನೋ, ಅವಳ ಮಣಿಕಟ್ಟಿನಲ್ಲಿ ನನ್ನ ಉಗುರು ಮೂಡಿತ್ತು.

ಸಿಟ್ಟು ಕಮ್ಮಿಯಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಆಕಸ್ಮಿಕ ಎಂದು ನಂಬಿಕೊಂಡಿದ್ದರೆ ಒಂದಲ್ಲ ಒಂದು ದಿನ ಆಗುತ್ತಿತ್ತೋ ಏನೋ. ನಿಮ್ಮ ಅಂಗೈಗೆ ತಾಗಿತು ಎಂದು ಬರೆದಿದ್ದೀರಿ. ಆ ಅಂಗೈಯನ್ನು ಏನು ಮಾಡಲಿ ಹೇಳಿ. ಆ ಕೈಯಲ್ಲೇ ನೀವು ನನಗೆ ಜಡೆ ಹೆಣೆದು ಸ್ಕೂಲಿಗೆ ಕಳಿಸಿದ್ದು.

ಕಿಟಕಿಯ ಮಾತು ನನಗೆ ಯಾವತ್ತೂ ಹೇಳಿರಲಿಲ್ಲ. ಓದಿ ಮೈ ಉರಿಯಿತು. ಬಿಸಿಲಿನಲ್ಲಿ ನಿಮ್ಮನ್ನು ನಿಲ್ಲಿಸಿದವರ ಮೇಲೆ ಬಂದ ಸಿಟ್ಟು ಬೇರೆ, ಅದು ಇರುತ್ತದೆ. ಆದರೆ ಅವರು ನಿಮಗೆ ಮಾಡಿದ್ದಕ್ಕೆ ಕೆಂಚಿ ಯಾಕೆ ಸಾಯಬೇಕಿತ್ತು? ತೆಗೆಯದ ಬಾಗಿಲ ಮುಂದೆ ನಿಂತವರ ಪಾಡು ಏನೆಂದು ಅಲ್ಲಿದ್ದ ಅಷ್ಟೂ ಜನರಲ್ಲಿ ನಿಮ್ಮೊಬ್ಬರಿಗೇ ಗೊತ್ತಿತ್ತು. ನೀವೇ ತೆಗೆಯಲಿಲ್ಲ. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ನುಂಗಲು ಆಗುತ್ತಿಲ್ಲ.

ನನ್ನ ತಪ್ಪನ್ನೂ ನಿಮ್ಮ ಮೇಲೇ ಹಾಕಿಕೊಂಡಿದ್ದೀರಿ. ಅದು ಬೇಡ. ಬರುತ್ತೇನೆಂದು ಹೇಳಿ ಬರದವಳು ನಾನೇ. ನನ್ನದನ್ನು ನಾನು ಹೊರುತ್ತೇನೆ, ನಿಮ್ಮದನ್ನು ನೀವು ಹೊರಿ.

ನನಗೆ ಮಾತ್ರ ಹೇಳಿದರೆ ಸಾಲದು. ನೀವು ಹೆದರಿದ್ದು ನನಗಲ್ಲ, ಅವರಿಗೆ. ಅವರೆದುರಿಗೇ ಹೇಳಿ. ಅದೇ ಬಾಗಿಲಲ್ಲಿ, ಅದೇ ಜನರನ್ನು ಕರೆಸಿ, ಬೆಕ್ಕು ಒಳಗಿತ್ತು, ನನಗೆ ಕೇಳಿಸಿತ್ತು, ನಿಮ್ಮೆದುರು ಚಿಕ್ಕವನಾಗಬಾರದೆಂದು ತೆಗೆಯಲಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ನಕ್ಕರೆ ನಗಲಿ. ನಾನು ಕ್ಯಾಂಟೀನಿನಲ್ಲಿ ನಗಿಸಿಕೊಂಡಿಲ್ಲವೇ?

ಅದಾದ ಮೇಲೆ ಬರೆಯಿರಿ.

ನಯನಾ


ಹುಣಸೇದೊಡ್ಡಿ
೧೩-೧೨-೨೦೦೪

ನಯನಾ,

ಹೇಳಿದೆ.

ನಿನ್ನ ಕಾಗದ ಬಂದಾಗ ಹತ್ತು ದಿನ ನಿನ್ನ ಮೇಲೆ ಕುದಿದೆ. ಮಗಳೇ ತಂದೆಯನ್ನು ಊರಿನ ಮುಂದೆ ನಿಲ್ಲಿಸುತ್ತಾಳೆಯೇ ಎಂದು ಅನ್ನ ಸೇರಲಿಲ್ಲ. ಹೊಸ ಬೆಳೆಗೆ ಚಾಕಿಯ ಮರಿಹುಳ ಬರುವುದಿತ್ತು, ಔಷಧಿ ಹೊಡೆಯಲೇಬೇಕಿತ್ತು. ಮೊನ್ನೆ ಶನಿವಾರ ಹನ್ನೆರಡು ಜನಕ್ಕೂ ಹೇಳಿ ಕಳಿಸಿದೆ. ಎಲ್ಲರೂ ಬಂದರು. ಕಾವೇರಮ್ಮನೂ ಬಂದು ಗೋಡೆಗೊರಗಿ ನಿಂತಿದ್ದಳು.

ನೀನು ಬರೆದಂತೆಯೇ ಹೇಳಿದೆ. ಕಾಗದ ನೋಡಿಕೊಂಡು ಹೇಳಲಿಲ್ಲ. ಹೋದ ಸಲ ಬೆಕ್ಕು ಸೂರಿನ ಮೇಲಿರಲಿಲ್ಲ, ಒಳಗಿತ್ತು, ನನಗೆ ಚೆನ್ನಾಗಿ ಕೇಳಿಸಿತ್ತು, ನಿಮ್ಮೆದುರು ಮಾತು ಕೆಡಬಾರದೆಂದು ಸಾಯಲು ಬಿಟ್ಟೆ ಎಂದೆ. ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಚಿಕ್ಕಹನುಮಯ್ಯ ಬಾಯಿ ತೆಗೆದ.

"ನಮ್ಗೂ ಕೇಳುಸ್ತು ಸಾರ್. ಒಳ್ಗೇ ಐತೆ ಅಂತ ಎಲ್ರುಗೂ ಗೊತ್ತಾಯ್ತು. ನೀವ್ ತೆಗೀನಿಲ್ವಲ್ಲ, ನಿಮ್ಗೆ ತಿಳ್ದಿರ್ತದೆ ಅಂತ ಸುಮ್ಕಾದೊ."

ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬನೂ ಇಲ್ಲವೆನ್ನಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬ ತೆಗೀರಿ ಸಾರ್ ಅಂದಿದ್ದರೆ ತೆಗೆಯುತ್ತಿದ್ದೆನಲ್ರಯ್ಯ ಎಂದು ಕೂಗಾಡಿದೆ. ಮೂವತ್ತು ವರ್ಷ ಇವರು ನನ್ನ ಮಾತು ಕೇಳಲೆಂದು ಸೈಕಲ್ ತುಳಿದೆ, ಅಂಗಲಾಚಿದೆ. ಕೇಳಿದರು ನೋಡು, ಯಾವತ್ತು ಕೇಳಬಾರದಿತ್ತೋ ಅವತ್ತು.

ಆಮೇಲೆ ಚಿಕ್ಕಹನುಮಯ್ಯನೇ ಒಳಗೆ ಹೋಗಿ ಅಟ್ಟ ಹತ್ತಿ, ಚಂದ್ರಿಕೆ ಒಂದೊಂದನ್ನೂ ಸರಿಸಿ ನೋಡಿ ಬಂದ. ಇನ್ನೊಬ್ಬನೂ ಹೋಗಿ ನೋಡಿದ. ಹೀಗೆ ಹನ್ನೆರಡು ಜನರೂ ಹೋಗಿ ನೋಡಿದರು. ಒಳಗೆ ನೋಡುವುದಕ್ಕೆ ಏನೂ ಇರಲಿಲ್ಲ. ಔಷಧಿ ಹೊಡೆಯಲು ಮಧ್ಯಾಹ್ನ ಒಂದೂವರೆಯಾಯಿತು. ಕೊನೆಯ ಪೇಪರ್ ಅಂಟಿಸಲು ನನ್ನ ಕೈ ಮುಂದೆ ಹೋಗಲಿಲ್ಲ. ಕಾವೇರಮ್ಮ ಅಂಟಿಸಿದಳು.

ಬಾ ಎಂದು ಬರೆಯುವ ಮುಖ ನನಗಿಲ್ಲ.

ನಿನ್ನ ತಂದೆ,
ಮುನಿಶಾಮಯ್ಯ


ಬಿಡದಿ
೧೮-೧೨-೨೦೦೪

ಅಪ್ಪ,

ಹದಿಮೂರು ಜನಕ್ಕೆ ಕೇಳಿಸಿತ್ತು. ಅವಳು ಅಷ್ಟು ಜೋರಾಗಿ ಕೂಗಿದ್ದಾಳೆ ಎಂದಾಯಿತು. ಇದನ್ನು ಓದಿದ ಮೇಲೆ ನಿಮ್ಮೊಬ್ಬರ ಮೇಲಿದ್ದ ಸಿಟ್ಟು ಹಂಚಿಹೋಗಿ ಹಗುರಾಗುತ್ತದೆ ಎಂದು ಹಾಜಿರಾ ಅಂದಳು. ಹಾಗೇನೂ ಆಗಲಿಲ್ಲ. ಹದಿಮೂರು ಜನರ ಮೇಲೂ ಪೂರ್ತಿ ಪೂರ್ತಿ ಇದೆ.

ಇವತ್ತು ಸೂಪರ್‌ವೈಸರ್ ಮುಂದಿನ ಶನಿವಾರದ ಓವರ್‌ಟೈಮಿಗೆ ಹೆಸರು ಬರೆದುಕೊಳ್ಳಲು ಬಂದ. ಆಗುವುದಿಲ್ಲ ಎಂದೆ. ಯಾಕಮ್ಮ, ಇನ್ನೊಂದು ಬೆಕ್ಕಾ ಅಂದ. ಅದೇ ಬೆಕ್ಕು, ಅದರ ಗುಂಡಿ ನೋಡಬೇಕು, ಬರೆದುಕೊಳ್ಳಿ ಎಂದೆ. ಅವನು ಪಕ್ಕದವಳ ಹೆಸರು ಬರೆದುಕೊಂಡು ಮುಂದೆ ಹೋದ.

ಇಪ್ಪತ್ತೈದರ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಸ್ ಸ್ಟಾಪಿಗೆ ಬಂದು ನಿಲ್ಲಬೇಡಿ. ಮೊದಲು ತೋಟದ ಬದುವಿಗೆ ಹೋಗುತ್ತೇನೆ, ಆಗ ನನ್ನ ಹಿಂದೆ ಬರಬೇಡಿ. ಎಷ್ಟು ಹೊತ್ತಾದರೂ ಕರೆಯಬೇಡಿ. ಆಮೇಲೆ ಮನೆಗೆ ಬರುತ್ತೇನೆ.

ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ. ಇಳಿಯಲಿ ಎಂದು ಕಾದರೆ ನಾನು ಯಾವತ್ತೂ ಬರುವುದಿಲ್ಲ. ಅದಕ್ಕೇ ಸಿಟ್ಟಿನಲ್ಲೇ ಬರುತ್ತಿದ್ದೇನೆ.

ನಿಮ್ಮ ಮಗಳು,
ನಯನಾ